ಆರ್ಡಿಸಳ ಮೂಲೆ

ಮದುವೆಯಾದಾಗಿನಿಂದ ಹೆಂಡತಿ ತನ್ನ ಮಾತಿನಾಚೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲವೆಂದು ಡಾರೆಲ್ ಅಯೋವಾದ ಮೆಕ್ಕೆಜೋಳಕ್ಕೆಲ್ಲ ಕೇಳುವಂತೆ ಕೊಚ್ಚಿಕೊಳ್ಳುತ್ತಿದ್ದ.

ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ನಮ್ಮಲ್ಲಿ ಮತಚೀಟಿಯಿಲ್ಲ. ಶಾಲೆಯ ಆಟದ ಹಾಲ್‌ನಲ್ಲಿ ಅವರವರು ಮೆಚ್ಚಿದವರ ಮೂಲೆಗೆ ಹೋಗಿ ನಿಲ್ಲಬೇಕು. ಸಾಕಷ್ಟು ಜನರಿಲ್ಲದ ಮೂಲೆ ಕರಗಿ, ಅಲ್ಲಿದ್ದವರು ಬೇರೆ ಮೂಲೆ ಸೇರಬೇಕು. ಡಾರೆಲ್ ಸೆನೆಟರನ ಮೂಲೆಗೆ ನಡೆದ, ಊರೂ ಹಿಂಬಾಲಿಸಿತು. ಮುಚ್ಚಿಹೋದ ನಮ್ಮ ಹೆರಿಗೆ ಆಸ್ಪತ್ರೆಯನ್ನು ತೆರೆಸುತ್ತೇನೆಂದಿದ್ದ ಗವರ್ನರಮ್ಮನ ಮೂಲೆಯಲ್ಲಿ ಅವನ ಹೆಂಡತಿ ಆರ್ಡಿಸ್ ಒಬ್ಬಳೇ ನಿಂತಳು.

"ಏ ಆರ್ಡಿಸ್, ದಾರಿ ತಪ್ಪಿದ್ಯಾ? ಈ ಕಡೆ ಬಾ!"

"ನೀನು ಭಾಷಣ ಮಾಡು, ಡಾರೆಲ್."

ಮಾಡಿದ. ಛಾವಣಿಯ ಹಿಮ ಬೇಸತ್ತು ತಾನಾಗಿಯೇ ಕೆಳಗಿಳಿಯಿತು. ಅವನು ಉಸಿರೆಳೆದುಕೊಂಡಾಗ ಆರ್ಡಿಸ್ ಕೂಗಿದಳು:

"ಲೊರೇನ್, ನಿನ್ ಮೊಮ್ಮಗಳು ಹುಟ್ಟಿದ್ದೆಲ್ಲೇ?"

"ಹೆದ್ದಾರೀಲಿ, ನಮ್ ಪಿಕಪ್ ಗಾಡೀಲಿ!" ಎನ್ನುತ್ತ ಲೊರೇನ್ ದಾಟಿ ಬಂದಳು. ಅವಳ ಹಿಂದೆ ಹೆಂಗಸರು, ಹೆಂಗಸರ ಹಿಂದೆ ಗಂಡಂದಿರು. ಎಣಿಸುವ ಹೊತ್ತಿಗೆ ಸೆನೆಟರನ ಮೂಲೆಯಲ್ಲಿ ಉಳಿದದ್ದು ಡಾರೆಲ್ ಮತ್ತು ಅವನ ಟೋಪಿ. ಮೂಲೆ ಕರಗಿತು. ಜನರ ಚಪ್ಪಾಳೆಗೆ ಪಕ್ಕದ ಜಿಲ್ಲೆಯ ಕೋಳಿಗಳೆಲ್ಲ ಎದ್ದು ಕೂತವು. ಡಾರೆಲ್ ಕಾಲೆಳೆಯುತ್ತ ಹಾಲ್ ದಾಟಿ ಬಂದ.

"ಕೊನೆಗೂ ನನ್ ಮಾತು ದಾಟಿದ್ಯಲ್ಲೇ!"

"ನಾನೆಲ್ಲಿ ಹೆಜ್ಜೆ ಇಟ್ಟೆ? ನಿಂತಲ್ಲೇ ನಿಂತಿದ್ದೆ. ನಡ್ಕೊಂಡು ಬಂದಿದ್ದು ನೀನು."