ಸುಂದ್ರವ್ವನ ಸಾಲು

ತೆಲಸಂಗದ ರಾವಸಾಹೇಬರ ದ್ರಾಕ್ಷಿ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಹೆಂಗಸರು ಹನ್ನೊಂದು ಜನ. ಅವರಲ್ಲಿ ಸುಂದ್ರವ್ವನೇ ಮುಂದು. ಮುಂದು ಅಂದರೆ ಮುಕಾದಮಳು ಅಂತ ತಿಳಿಯಬೇಡಿ. ತೊಂಬತ್ತರ ಆಚೀಚೆಯ ಮಾತು ಇದು, ಆಗ ಹೆಂಗಸರ ಗ್ಯಾಂಗಿಗೂ ಮುಕಾದಮ ಗಂಡಸೇ. ಭರಮು ಅಂತ ಅವನ ಹೆಸರು. ಸಾವುಕಾರರು ಹೆಂಗಸರಿಗೆ ಹೇಳಬೇಕಾದ್ದನ್ನು ಭರಮುಗೆ ಹೇಳುವರು. ಹೆಂಗಸರು ಎರಡು ಮಾರು ದೂರದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರೂ ಅವನು ಬಂದು ಅದನ್ನೇ ಇನ್ನೊಮ್ಮೆ ಹೇಳುವನು. ಇವರು ತಲೆಯ ಮೇಲೆ ಸೆರಗು ಎಳೆದುಕೊಂಡು ಹೂಂ ಅನ್ನಬೇಕು.

ಸುಂದ್ರವ್ವ ದಾರಿ ನಡೆಯುವಾಗ ಮುಂದು, ಕೆಲಸದಲ್ಲಿ ಮುಂದು, ನಗುವುದರಲ್ಲಂತೂ ಎಲ್ಲರಿಗಿಂತ ಮುಂದು. ಅವಳು ನಕ್ಕರೆ ಹಳ್ಳದ ಆಚೆ ದಂಡೆಯ ಕುರಿಗಳು ತಲೆ ಎತ್ತುತ್ತಿದ್ದವು. ಆ ನಗುವಿಗಾಗಿಯೇ ಅತ್ತೆ ಹದಿನಾರು ವರ್ಷ ಬೈದಳು. ಬೈದು ಬೈದು, ಕೊನೆಗೆ ಹಾಸಿಗೆ ಹಿಡಿದಾಗ, "ಸುಂದ್ರೀ, ಒಂದೀಟ ನಗ ಬೇ, ಮನಿ ಬಿಕೋ ಅನ್ನಾಕತ್ತೈತಿ" ಅಂದಳು. ಅತ್ತೆ ಒಳ್ಳೆಯವಳೇ, ಬಾಯಿ ಒಂದು ಜೋರು. ಅದು ಹಾಗಿರಲಿ, ತೋಟಕ್ಕೆ ಬರೋಣ.

ತೋಟದಲ್ಲಿ ದೀಪಾವಳಿಗೆ ಮೊದಲು ಬಳ್ಳಿಯ ಕಡ್ಡಿ ಕತ್ತರಿಸಬೇಕು. ಅದಕ್ಕೆ ಛಾಟಣಿ ಅನ್ನುತ್ತಾರೆ. ಅದು ಗಂಡಸರ ಕೆಲಸ; ದೊಡ್ಡ ಕತ್ತರಿ, ದೊಡ್ಡ ಪಗಾರ. ಗೊಂಚಲು ಬಂದ ಮೇಲೆ ಒತ್ತಾದ ಕಾಳು ಕಿತ್ತು ವಿರಳ ಮಾಡುವುದು ಹೆಂಗಸರದು, ಬೆರಳುದ್ದದ ಸಣ್ಣ ಕತ್ತರಿಯಲ್ಲಿ. ಹೆಂಗಸರ ಕೈ ನಾಜೂಕು, ಅದಕ್ಕೆ. ಅದೇ ಕೈ ಕಬ್ಬಿನ ಹೊರೆ ಹೊರುವಾಗ, ಬಾವಿಯ ಹೂಳು ತೆಗೆಯುವಾಗ ನಾಜೂಕು ಅನ್ನುವುದು ಯಾರಿಗೂ ನೆನಪಾಗುತ್ತಿರಲಿಲ್ಲ.

ಒಂದು ವರ್ಷ ತೋಟದ ಪಡುವಣ ಭಾಗದಲ್ಲಿ ಗೊಂಚಲು ಬರಲಿಲ್ಲವೆಂದೇ ಹೇಳಬೇಕು. ಚಪ್ಪರದ ತುಂಬ ಹಸಿರು ಎಲೆ, ಕೆಳಗೆ ನಿಂತು ಕತ್ತೆತ್ತಿದರೆ ಅಲ್ಲೊಂದು ಇಲ್ಲೊಂದು ಬಿಟ್ಟರೆ ಏನೂ ಇಲ್ಲ. ಭರಮು ತಲೆ ಕೆರೆದುಕೊಂಡು, "ಯಾವಾಕೋ ಮುಟ್ಟಾದಾಕಿ ಒಳಗ ಹೊಕ್ಕಾಳ್ರಿ, ಬಳ್ಳಿ ಬಂಜಿ ಆಗೇತಿ" ಅಂದ. ರಾವಸಾಹೇಬರು ಅಥಣಿಯಲ್ಲಿ ಕಾಲೇಜು ಕಂಡವರು, ಆದರೂ ತುಟಿ ಬಿಚ್ಚಲಿಲ್ಲ. ಮರುದಿನದಿಂದ ಅವರ ತಾಯಿ ಸೋನಾಬಾಯಿ ಗೇಟಿನ ಹತ್ತಿರ ಹೊರಸು ಹಾಕಿಸಿಕೊಂಡು ಕುಳಿತರು. ಹೆಂಗಸರು ಒಬ್ಬೊಬ್ಬರೇ ಬರಬೇಕು, ಅವರು ಕೇಳಬೇಕು:

"ಛಲೋ ಅದಿಯೇನ?"

ಛಲೋ ಇದ್ದವಳು ಒಳಗೆ. ಮುಟ್ಟಾದವಳು ಬುತ್ತಿಗಂಟಿನ ಸಮೇತ ಮನೆಗೆ, ನಾಲ್ಕು ದಿನ. ಗಂಡಸರು ಪಂಪಿನ ಮನೆ ಮುಂದೆ ಬೀಡಿ ಸೇದುತ್ತ ಇವತ್ತು ಯಾರು ತಿರುಗಿ ಹೊರಟರು ಅಂತ ನೋಡಿ ಮುಸಿ ಮುಸಿ ನಗುವರು.

ದುಂಡವ್ವ ಅಂತ ಒಬ್ಬಳಿದ್ದಳು, ಮದುವೆಯಾಗಿ ಆರು ತಿಂಗಳು ಆಗಿರಲಿಲ್ಲ. ಅವಳನ್ನು ತಿರುಗಿಸಿ ಕಳಿಸಿದ ದಿನ ಸಂಜೆ ಸುಂದ್ರವ್ವ ಅವಳ ಮನೆಗೆ ಹೋದರೆ, ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

"ಕೂಲಿ ಹೋತಂತ ಅಳವಲ್ಲೆ ಅಕ್ಕಾ. ನನ್ನ ತಾರೀಖ ಆ ಗಂಡಸ್ರಿಗೆಲ್ಲಾ ಗೊತ್ತಾತಲ್ಲ."

ಅವತ್ತು ಸುಂದ್ರವ್ವ ನಗಲಿಲ್ಲ. ಯಾಕೆಂದರೆ ಬಳ್ಳಿ ಯಾಕೆ ಹಾಗಾಯಿತು ಅನ್ನುವುದು ಅವಳಿಗೆ ಗೊತ್ತಿತ್ತು.

ಗಂಡಸರು ಕಡ್ಡಿ ಕತ್ತರಿಸಿ ಇನ್ನೊಂದು ತೋಟಕ್ಕೆ ಹೋಗುವರು. ಕಡ್ಡಿಯಲ್ಲಿ ಮೊಳಕೆ ಒಡೆಯುವ ಗಿಣ್ಣಿಗೆ ಕಣ್ಣು ಅನ್ನುತ್ತಾರೆ; ಯಾವ ಕಣ್ಣಿನಿಂದ ಗೊಂಚಲು ಒಡೆಯಿತು ಅಂತ ನೋಡುವವರು ಯಾರು? ದಿನವಿಡೀ ಗೇಣು ದೂರದಲ್ಲಿ ಮುಖ ಇಟ್ಟುಕೊಂಡು ಕಾಳು ಬಿಡಿಸುವ ಹೆಂಗಸರು. ಬುಡದಿಂದ ಎಣಿಸಿದರೆ ದಪ್ಪ ಕಡ್ಡಿಯಲ್ಲಿ ಆರು, ಏಳನೇ ಕಣ್ಣಿಗೆ ಗೊಂಚಲು. ಸಣ್ಣ ಕಡ್ಡಿಯಲ್ಲಿ ಮೂರು, ನಾಲ್ಕಕ್ಕೇ. ಪಡುವಣ ಭಾಗದಲ್ಲಿ ಭರಮುನ ಆಳುಗಳು ಅವಸರದಲ್ಲಿ ದಪ್ಪ, ಸಣ್ಣ ನೋಡದೆ ಎಲ್ಲವನ್ನೂ ನಾಲ್ಕು ಕಣ್ಣಿಗೆ ಕತ್ತರಿಸಿ ಒಗೆದಿದ್ದರು. ದಪ್ಪ ಕಡ್ಡಿಯ ಗೊಂಚಲು ಇದ್ದ ಕಣ್ಣುಗಳು ಆಗಲೇ ನೆಲಕ್ಕೆ ಬಿದ್ದಿದ್ದವು. ಸುಂದ್ರವ್ವ ಇದನ್ನು ಭರಮುಗೆ ಹೇಳಿಯೂ ನೋಡಿದಳು. "ಕಾಳ ಬಿಡಸಾಕಿ ನೀ, ಕಾಳ ಬಿಡಸ ಹೋಗ" ಅಂದ. ಸಾವುಕಾರರಿಗೆ ಹೇಳೋಣ ಅಂದರೆ ಅವರಿಗೂ ಅವನ ಬಾಯಿಂದಲೇ ಹೇಳಬೇಕಲ್ಲ.

ಮರುವರ್ಷ ಛಾಟಣಿ ಶುರುವಾದ ದಿನ ಕತ್ತರಿಸಿ ಬಿದ್ದ ಕಡ್ಡಿ ಆಯಲು ಹೆಂಗಸರೂ ಬಂದಿದ್ದರು; ಗೇಟಿನಲ್ಲಿ ಸುಂದ್ರವ್ವನ ಪಾಳಿ ಬಂತು.

"ಛಲೋ ಅದಿಯೇನ?"

"ಇಲ್ರೀ ಬಾಯಾರ. ಮುಟ್ಟಾಗೇನ್ರಿ" ಅಂದಳು, ಪಂಪಿನ ಮನೆಯವರೆಗೂ ಕೇಳುವ ಹಾಗೆ. "ಅದಕ್ಕs ಇವತ್ತ ನನಗ ದೊಡ್ಡ ಕತ್ತರಿ ಕೊಡ್ರಿ. ಪಡುವಣ ಕಡೆ ಒಂದ ಸಾಲ ನಾನs ಕತ್ತರಸ್ತೇನಿ. ಬಳ್ಳಿ ಬಂಜಿ ಆದ್ರ ನಾವ ಹನ್ನೊಂದೂ ಮಂದಿ ಈ ಗೇಟಿಗೆ ಇನ್ನ ಕಾಲ ಇಡಾಂಗಿಲ್ಲ. ಗೊಂಚಲ ಬಂದ್ರ ನೀವ ಈ ಮಾತ ಕೇಳೂದ ಬಿಡ್ಬೇಕ್ರಿ."

ಹಿಂದಿನಿಂದ ದುಂಡವ್ವ ಅವಳ ಸೊಂಟ ಚಿವುಟಿದಳು. ಭರಮು ಓಡಿ ಬಂದ.

"ಬಾಯಾರ, ಏನಂತಾಳ್ರಿ ಈಕಿ? ಹೆಂಗಸರ ಕೈಯಾಗ ಕತ್ತರಿ ಕೊಟ್ರ ಆತೇನ್ರಿ!"

ಸೋನಾಬಾಯಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಲೇ ಭರಮು, ನಿನ್ನ ಹೊಕ್ಕಳ ಕೊಯ್ದಾಕಿ ಯಾರಲೇ? ಗಂಡಸೇನ?" ಅಂದರು. ಗಂಡಸರೇ ನಕ್ಕುಬಿಟ್ಟರು. "ಕೊಡ ಕತ್ತರಿ. ಆಕಿ ಮಾತಿಗೆ ಆಕಿ ನಿಲ್ಲಲಿ, ನನ್ನ ಮಾತಿಗೆ ನಾ ನಿಲ್ತೇನಿ."

ಸುಂದ್ರವ್ವ ಇಪ್ಪತ್ತು ಬಳ್ಳಿಯ ಸಾಲನ್ನು ಸಂಜೆಯವರೆಗೆ ಕತ್ತರಿಸಿದಳು. ಪ್ರತಿ ಕಡ್ಡಿಯನ್ನೂ ಹೆಬ್ಬೆರಳಲ್ಲಿ ಹಿಡಿದು ದಪ್ಪ ನೋಡಿ, ಕಣ್ಣು ಎಣಿಸಿ. ಅಂಗೈಯಲ್ಲಿ ಬೊಬ್ಬೆ ಎದ್ದಿತು, ಹೊಟ್ಟೆ ಹಿಂಡುತ್ತಿತ್ತು. ಆದರೆ ಮನೆಗೆ ಮರಳುವ ದಾರಿಯಲ್ಲಿ ಆದ ಜಗಳದ ಮುಂದೆ ಅದೇನೂ ಅಲ್ಲ.

"ನಿನ್ನ ಒಬ್ಬಾಕಿ ಹೊಟ್ಟಿ ಅಲ್ಲ ಬೇ ಅದು, ಹನ್ನೊಂದ ಮನಿ ಒಲಿ!" ಅಂತ ಹಿರಿಯಳೊಬ್ಬಳು ಎದೆ ಎದೆ ಬಡಿದುಕೊಂಡಳು. "ನಮ್ಮನ್ನ ಒಂದ ಮಾತ ಕೇಳಿದೇನ?"

"ಕೇಳಿದ್ರ ನೀವ ಬ್ಯಾಡ ಅಂತಿದ್ರಿ" ಅಂದಳು ಸುಂದ್ರವ್ವ. ಅದು ನಿಜವೇ. ತಪ್ಪೂ ಹೌದು.

ಹತ್ತನೇ ದಿನಕ್ಕೆ ಕಣ್ಣು ಒಡೆದವು. ಬಂದದ್ದು ಎಲೆ. ಹನ್ನೆರಡನೇ ದಿನವೂ ಎಲೆಯೇ. ಸುಂದ್ರವ್ವನಿಗೆ ರೊಟ್ಟಿ ಸೇರಲಿಲ್ಲ. ಗಂಡ ಜಕ್ಕಪ್ಪ ಪಾಪದವನು, ಕಡಲೆಹಿಟ್ಟಿನ ಜುಣಕ ಮಾಡಿ ಮುಂದೆ ತಂದಿಟ್ಟ. ಅದರಲ್ಲಿ ಉಪ್ಪು ಎರಡು ಸಲ ಬಿದ್ದಿತ್ತು ಅನ್ನುವುದು ಬೇರೆ ಮಾತು. ಹದಿನಾರನೇ ದಿನ ಬೆಳಗ್ಗೆ ದುಂಡವ್ವ ಚಪ್ಪರದ ಕೆಳಗಿನಿಂದ ಕಿರುಚಿದಳು. ಎಲ್ಲರೂ ಓಡಿದರು. ಎಳೆ ಎಲೆಯ ಮಗ್ಗುಲಲ್ಲಿ ಸಾಸಿವೆ ಪೋಣಿಸಿದ ಹಾಗೆ ಹಸಿರು ಗೊಂಚಲು. ಪಕ್ಕದ ಕಡ್ಡಿಗೂ, ಅದರ ಪಕ್ಕದ್ದಕ್ಕೂ. ಆಚೀಚೆಯ ಭರಮುನ ಸಾಲುಗಳಲ್ಲಿ ಸಣ್ಣ ಕಡ್ಡಿಗೆ ಮಾತ್ರ ಅಲ್ಲೊಂದು ಇಲ್ಲೊಂದು.

ಸೋನಾಬಾಯಿ ಮಂಡಿನೋವಿನವರು, ದುಂಡವ್ವನ ಹೆಗಲು ಹಿಡಿದು ಒಳಗೆ ಬಂದರು. ಕತ್ತೆತ್ತಿ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದರು.

"ನಮ್ಮತ್ತಿ ನನ್ನ ಕೇಳತಿದ್ರು" ಅಂದರು ಕೊನೆಗೆ. "ನಾ ನಿಮ್ಮನ್ನ ಕೇಳಿದೆ. ಅಷ್ಟs ಸುಂದ್ರವ್ವಾ."

ಮರುದಿನವೂ ಗೇಟಿನಲ್ಲಿ ಹೊರಸು ಇತ್ತು, ಸೋನಾಬಾಯಿಯೂ ಇದ್ದರು. ದುಂಡವ್ವ ಬಂದವಳೇ ರೂಢಿಯಂತೆ ನಿಂತಳು. ಅವತ್ತು ಅವಳು ಮುಟ್ಟಾದ ಮೊದಲ ದಿನ.

"ಯಾಕ ನಿಂತಿ? ಬಿಸಲ ಏರಾಕತ್ತೈತಿ, ನಡಿ ಒಳಗ."

ದುಂಡವ್ವ ಒಳಗೆ ನಡೆದಳು. ಪಂಪಿನ ಮನೆ ಮುಂದೆ ನಿಂತವರು ಬೀಡಿ ಆರಿಸಿ ಕೆಲಸಕ್ಕೆ ಹೊರಟರು.

ಮುಂದಿನ ವರ್ಷ ಪಡುವಣ ಭಾಗದ ಛಾಟಣಿ ಪೂರ್ತಿ ಹೆಂಗಸರ ಗ್ಯಾಂಗಿಗೇ ಬಂತು, ಗಂಡಸರ ಪಗಾರಿಗೆ. ಈ ಸಲ ಒಪ್ಪಿಕೊಳ್ಳುವ ಮೊದಲು ಸುಂದ್ರವ್ವ ಹತ್ತೂ ಜನರನ್ನು ಕೂರಿಸಿಕೊಂಡು ಕೇಳಿದಳು. ಗ್ಯಾಂಗಿನಲ್ಲಿ ಅವಳದು ಒಂದೇ ಕಾಯಿದೆ: ಹೊಟ್ಟೆ ನೋಯುವವಳು ಯಾರಿಗೂ ಕಾರಣ ಹೇಳದೆ ಗೋಣಿಚೀಲ ಹಾಸಿಕೊಂಡು ನೆರಳಲ್ಲಿ ಕುಳಿತು ಕತ್ತರಿ ಮಸೆಯಬೇಕು, ಪಗಾರ ಪೂರ್ತಿ. ಹನ್ನೊಂದು ಕತ್ತರಿಗಳಿಗೆ ದಿನಾ ಮಸೆಯುವ ಕೆಲಸ ಇದ್ದೇ ಇರುತ್ತಿತ್ತು.