ಗಂಜಿ ಇಳಿದ ಪಂಚೆ

ಗಂಜಿ ಹಾಕಿ ಒಣಗಿಸಿದ ಪಂಚೆಗೆ ಒಂದು ಸದ್ದುಂಟು. ಉಟ್ಟವರು ಅಂಗಳ ದಾಟುವ ಮೊದಲೇ ಅವರ ಗೌರವ ಒಳಗೆ ಬಂದು ಕುಳಿತಿರುತ್ತದೆ. ಬೆಳ್ತಂಗಡಿಯ ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದ ನನ್ನ ಚಿಕ್ಕಪ್ಪನನ್ನು ನಾವೆಲ್ಲ ಆ ಸರಸರ ಸದ್ದಿನಿಂದಲೇ ಗುರುತಿಸುತ್ತಿದ್ದೆವು. ಮನುಷ್ಯನಿಗೆ ತನ್ನ ಬಟ್ಟೆ ಅಷ್ಟು ಸೆಟೆದುಕೊಂಡಿರಬೇಕೆಂಬ ಆಸೆ ಏಕೆಂಬುದು, ಸೀರೆಯ ನೆರಿಗೆಯೂ ಮಾತು ಕೇಳದ ನನ್ನಂಥವಳಿಗೆ ಬಗೆಹರಿಯದ ಜಿಜ್ಞಾಸೆಯಾಗಿತ್ತು.

ಅರುವತ್ತರ ದಶಕದಲ್ಲಿ ಚಿಕ್ಕಮ್ಮನಿಗೆ ಸ್ತನದ ಕ್ಯಾನ್ಸರ್ ಆಗಿ, ಮದರಾಸಿನಲ್ಲಿ ಕಿರಣ ಚಿಕಿತ್ಸೆ ಕೊಡಿಸಿ ಕರೆತಂದರು. ಶುಶ್ರೂಷೆಗೆಂದು ಮೂಡಬಿದಿರೆಯಿಂದ ಹೋದ ನನಗೆ ಮರುಕದಷ್ಟೇ ಕುತೂಹಲವೂ ಇತ್ತು, ನಿಮ್ಮಲ್ಲಿ ಮುಚ್ಚಿಡುವುದೇಕೆ? ಕಣ್ಣಿಗೆ ಕಾಣದ, ಬಿಸಿಯೂ ತಾಗದ ಆ ಕಿರಣ, ಊರಿಗೆ ಮರಳಿದ ಮೇಲೂ ಚರ್ಮವನ್ನು ಕೆಂಪಾಗಿಸಿ, ಕಪ್ಪಾಗಿಸಿ, ಸಿಪ್ಪೆಯೇಳಿಸುವುದೆಂದರೇನು! "ಒಲೆ ಇಲ್ಲದೆ ಬೇಯಿಸ್ತಾರೆ ಮಾರಾಯ್ತಿ, ಸೌದೆ ಸಹ ಬೇಡ," ಎಂದು ಚಿಕ್ಕಮ್ಮನೇ ನಗುತ್ತಿದ್ದರು. ಚರ್ಮ ಒಡೆದು ಕೀವಾದರೆ ಪುನಃ ಆಸ್ಪತ್ರೆಯ ಮಂಚವೇ ಎಂಬ ಭಯ ಮಾತ್ರ ಆ ನಗೆಯ ಬೆನ್ನಿಗೇ ಇತ್ತು.

ಎಣ್ಣೆ, ಸೋಪು ಬೇಡ, ಬಿಸಿಲು ತಾಗಬಾರದು, ಉಜ್ಜಬಾರದು, ಮೈಮೇಲೆ ಮೆತ್ತನೆಯ ಹಳೆಯ ಹತ್ತಿಬಟ್ಟೆ ಮಾತ್ರ ಎಂದು ಡಾಕ್ಟರರ ಅಪ್ಪಣೆ. ನೋಡಲು ಬಂದವರು ಮಮತೆಯಿಂದ ತಂದ ತೆಂಗಿನೆಣ್ಣೆಯೂ ಅರಸಿನವೂ ನನ್ನ ಕುಟಿಲೋಪಾಯದಿಂದ ಸಾಂಬಾರಿಗೆ ಸಂದವು. ಆದರೆ ಮೆತ್ತನೆಯ ಬಟ್ಟೆ ಎಲ್ಲಿಂದ ತರುವುದು? ಆ ಮನೆಯಲ್ಲಿ ತಲೆದಿಂಬಿನ ಚೀಲಕ್ಕೂ ಗಂಜಿ. ಆಗಷ್ಟೇ ನೈಲಾನಿನ ಮೋಹಕ್ಕೆ ಬಿದ್ದಿದ್ದ ನನ್ನ ಪೆಟ್ಟಿಗೆಯಲ್ಲಿ ಹತ್ತಿಯ ಎಳೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಚಿಕ್ಕಪ್ಪ ಬಾವಿಕಟ್ಟೆಯಲ್ಲಿ ಕುಳಿತು ತಮ್ಮ ಕಚೇರಿಯ ಪಂಚೆಗಳನ್ನು ಜಾಲಾಡುತ್ತಿದ್ದಾರೆ. ಹಿಂಡಿ, ಕೆನ್ನೆಗೆ ಒತ್ತಿ ನೋಡಿ, ತಲೆಯಲ್ಲಾಡಿಸಿ, ಮತ್ತೆ ನೀರಿಗೆ ಅದ್ದುತ್ತಿದ್ದಾರೆ. ಒಣಗಿದ ಮೇಲೆ ಎರಡನ್ನು ತಾವೇ ಹರಿದು ಕೊಟ್ಟರು. ಗಂಜಿಯ ಬಟ್ಟೆ ಅಪ್ಪಿತಪ್ಪಿಯೂ ಚಿಕ್ಕಮ್ಮನ ಬಟ್ಟೆಯೊಂದಿಗೆ ಬೆರಕೆಯಾಗಬಾರದೆಂದು ಆ ಮನೆಯಲ್ಲಿ ಗಂಜಿ ಹಾಕುವುದೇ ನಿಂತಿತು. ಶಿರಸ್ತೇದಾರರು ಜೋಲುವ ಪಂಚೆಯಲ್ಲಿ, ಸದ್ದಿಲ್ಲದೆ ಕಚೇರಿಗೆ ನಡೆದರು.

ಚರ್ಮ ಒಡೆಯಲಿಲ್ಲ. ಸಿಪ್ಪೆ ಉದುರಿ ಎಳೆಯ ಬಣ್ಣ ಮೂಡಿತು. ಒಂದು ದಿನ ಚಿಕ್ಕಮ್ಮ, ಕಾಯಿಲೆಯಿಂದ ಅಷ್ಟು ಕಾಲ ಮೇಲೆತ್ತಲಾಗದಿದ್ದ ಆ ಬದಿಯ ಕೈಯನ್ನು ಮೆಲ್ಲನೆ ಎತ್ತಿ, ಗಂಜಿ ತೊಟ್ಟಿಕ್ಕುವ ಪಂಚೆಯೊಂದನ್ನು ಹಗ್ಗಕ್ಕೆ ಹರವಿದರು.

"ನಾಳೆ ಇದನ್ನೇ ಉಟ್ಟು ಹೋಗಿ," ಎಂದರು ಚಿಕ್ಕಪ್ಪನಿಗೆ. "ನಿಮ್ಮನ್ನು ಹೀಗೆ ನೋಡಿದ್ರೆ ನನಗೆ ಕಾಯಿಲೆ ಇನ್ನೂ ಉಂಟು ಅಂತ ಕಾಣ್ತದೆ."

ಮರುದಿನ ಜಗಲಿಯಲ್ಲಿ ಸರಸರ ಕೇಳಿದಾಗ ನಾನು ಅತ್ತುಬಿಟ್ಟೆ. ಈಗಲೂ ಎಲ್ಲಾದರೂ ಆ ಸದ್ದು ಕಿವಿಗೆ ಬಿದ್ದರೆ, ಬರುತ್ತಿರುವವರ ಗೌರವದ ಯೋಚನೆ ನನಗೆ ಬರುವುದಿಲ್ಲ. ಅವರ ಮನೆಯಾಕೆ ಸೌಖ್ಯವಾಗಿರಬೇಕು ಎಂದುಕೊಳ್ಳುತ್ತೇನೆ.