ಕಾವಿಲ್ಲದ ಬಲ್ಬು

ಎಲ್‌ಇಡಿ ಬಲ್ಬು ಮಾರಲು ಊರೂರು ತಿರುಗುವಾಗ ನನ್ನ ಹತ್ತಿರ ಒಂದು ಹಲಗೆ ಇರುತ್ತಿತ್ತು. ಅದರ ಮೇಲೆ ಒಂದು ಎಲ್‌ಇಡಿ, ಪಕ್ಕದಲ್ಲಿ ಅರವತ್ತು ವ್ಯಾಟಿನ ಹಳೆಯ ಬುರುಡೆ ಬಲ್ಬು, ಎರಡಕ್ಕೂ ಒಂದೊಂದು ಮೀಟರು. ಬುರುಡೆ ಬಲ್ಬಿನ ಮೀಟರು ಓಡುವುದನ್ನು ಕಂಡರೆ ಜನ ತಾವಾಗಿಯೇ ಎಲ್‌ಇಡಿ ಕೇಳುತ್ತಿದ್ದರು.

ಬೇವೂರಿನಲ್ಲಿ ಒಂದು ಚಳಿಯ ಬೆಳಿಗ್ಗೆ ಚಹಾದಂಗಡಿಯ ಮುಂದೆ ಹಲಗೆಗೆ ಕರೆಂಟು ಕೊಟ್ಟೆ. ಮೀಟರನ್ನು ಯಾರೂ ನೋಡಲಿಲ್ಲ. ಎಲ್ಲರೂ ಬುರುಡೆ ಬಲ್ಬಿನ ಕಡೆ ಕೈ ಚಾಚಿ ನಿಂತರು. ಆಡು ಸಾಕಿದ ಮುದುಕಿಯೊಬ್ಬಳು ಎರಡನ್ನೂ ಮುಟ್ಟಿ ನೋಡಿದಳು.

“ತಮ್ಮಾ, ಇದು ಬೆಳಕೂ ಕೊಡತೈತಿ, ಕಾವೂ ಕೊಡತೈತಿ. ಅದು ಬರೇ ಬೆಳಕು ಕೊಡತೈತಿ. ಮತ್ತ ಅದ್ಯಾಕ ತುಟ್ಟಿ?”

“ಯವ್ವಾ, ಕರೆಂಟೆಲ್ಲಾ ಆ ಕಾವಿಗೇ ಹೋಗಿ ದಂಡ ಆಗತೈತಿ. ಬಿಲ್ಲು ಭಾಳ ಬರತೈತಿ.”

“ಹಂಗಾರ ಮನಿಗೆ ನಿನ್ನ ಬಲ್ಬು ಕೊಡು. ದಂಡ ಆಗೂದನ್ನ ನನ್ನ ಮರಿಗೋಳಿಗೆ ಕೊಡು. ಮೊನ್ನಿ ಹುಟ್ಯಾವ, ಥಂಡಿಗೆ ನಡಗಾಕತ್ತಾವ.”

“ಅದು ಮಾರೂದಲ್ಲಬೇ, ತೋರಿಸೂದು.”

“ತೋರಿಸೂದು ಮುಗೀತಲ್ಲ,” ಎಂದು ಸೆರಗೊಡ್ಡಿದಳು.

ಮುಂದಿನ ಊರಿನಲ್ಲಿ ಹಲಗೆಯ ಮೇಲೆ ಎಲ್‌ಇಡಿ ಒಂದೇ ಉರಿಯಿತು. ಇದು ಯಾವುದಕ್ಕಿಂತ ಕಡಿಮೆ ಕರೆಂಟು ತಿನ್ನುತ್ತದೆ ಎಂದು ಜನ ಕೇಳಿದರು. ಅದು ಬೇವೂರಿನಲ್ಲಿ ಆಡಿನ ಮರಿ ಕಾಯುತ್ತಿದೆ ಎಂದೆ.